ಹಂದಿಗೆ ಫೈಟೇಸ್ ಕೊಡುವಾಗ ಡಿಸಿಪಿ, ಸುಣ್ಣದ ಪುಡಿಯ ಲೆಕ್ಕ ಮರೀಬೇಡಿ

ಹಂದಿ ಆಹಾರದಲ್ಲಿ ರಂಜಕಕ್ಕೇನೂ ಕೊರತೆ ಇರುವುದಿಲ್ಲ. ಮೆಕ್ಕೆಜೋಳ, ಸೋಯಾ ಹಿಂಡಿ, ತೌಡು ಎಲ್ಲದರಲ್ಲೂ ಇದೆ. ಆದರೆ ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಫೈಟೇಟ್ ಎಂಬ ರೂಪದಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಬಿಡಿಸಿಕೊಡುತ್ತವೆ, ಹಂದಿಗೆ ಆ ಭಾಗ್ಯ ಇಲ್ಲ. ಹಾಗಾಗಿ ತಿಂದ ರಂಜಕದ ದೊಡ್ಡ ಪಾಲು ಗೊಬ್ಬರದ ಗುಂಡಿಗೆ ಹೋಗುತ್ತದೆ, ಅಲ್ಲಿಂದ ಹರಿದು ಕೆರೆ ಸೇರಿದರೆ ನೀರು ಪಾಚಿಗಟ್ಟುತ್ತದೆ, ಇತ್ತ ನಾವು ಮೂಳೆ ಗಟ್ಟಿಯಾಗಲಿ ಅಂತ ಆಹಾರಕ್ಕೆ ಮತ್ತೆ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್, ರಂಜಕ ಮತ್ತು ಕ್ಯಾಲ್ಸಿಯಂ ಇರುವ ಪುಡಿ) ಸುರಿಯುತ್ತಾ ಇರುತ್ತೇವೆ.

ಫೈಟೇಸ್ ಎಂಬ ಕಿಣ್ವ ಈ ಫೈಟೇಟನ್ನು ಹಂದಿಯ ಜಠರದಲ್ಲೇ ಒಡೆಯುತ್ತದೆ. 1990ರ ದಶಕದ ಆರಂಭದಿಂದಲೂ ಮಾರುಕಟ್ಟೆಯಲ್ಲಿದೆ, ಹೊಸದೇನಲ್ಲ.

ಮೊದಲು ಪ್ಯಾಕೆಟ್ ಓದಿ. ಗ್ರಾಂಗೆ ಎಷ್ಟು ಎಫ್‌ಟಿಯು ಅಂತ ಬರೆದಿರುತ್ತದೆ, ಅದು ಕಿಣ್ವದ ಶಕ್ತಿಯ ಅಳತೆ. ಸಾಮಾನ್ಯವಾಗಿ ಕೊಡುವುದು ಕೆಜಿ ಆಹಾರಕ್ಕೆ 500 ಎಫ್‌ಟಿಯು. ನಿಮ್ಮ ಪುಡಿ ಗ್ರಾಂಗೆ 5000 ಇದ್ದರೆ ಒಂದು ಟನ್ ಆಹಾರಕ್ಕೆ 100 ಗ್ರಾಂ, ಒಂದು ಕ್ವಿಂಟಲ್‌ಗೆ 10 ಗ್ರಾಂ. ಇಷ್ಟು ಚಿಟಿಕೆ ಪುಡಿಯನ್ನು ನೇರವಾಗಿ ರಾಶಿಗೆ ಎರಚಿದರೆ ಒಂದು ಹಂದಿಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ. ಒಂದು ಕೆಜಿ ಜೋಳದ ಹಿಟ್ಟಿನಲ್ಲಿ ಚೆನ್ನಾಗಿ ಕಲಸಿ, ಅದನ್ನು ಹತ್ತು ಕೆಜಿಗೆ ಸೇರಿಸಿ, ಆಮೇಲೆ ಪೂರ್ತಿ ರಾಶಿಗೆ ಹಾಕಿ.

ಈಗ ಮುಖ್ಯ ವಿಷಯ. ಫೈಟೇಸ್ ಹಾಕಿ ಡಿಸಿಪಿಯನ್ನು ಮೊದಲಿನಷ್ಟೇ ಇಟ್ಟರೆ ಸುಮ್ನೆ ಖರ್ಚು, ಅಲ್ವಾ? 500 ಎಫ್‌ಟಿಯು ಸುಮಾರು 0.1 ಶೇಕಡ ರಂಜಕ ಬಿಡಿಸಿಕೊಡುತ್ತದೆ ಎಂದಿಟ್ಟುಕೊಳ್ಳಿ (ನಿಮ್ಮ ಪ್ಯಾಕೆಟ್ಟಿನವರು ಕೊಡುವ ಅಂಕಿಯನ್ನೇ ಹಿಡಿಯಿರಿ). ಅಂದರೆ ಟನ್ನಿಗೆ ಒಂದು ಕೆಜಿ ರಂಜಕ. ಡಿಸಿಪಿಯಲ್ಲಿ ಸುಮಾರು 18 ಶೇಕಡ ರಂಜಕ ಇರುತ್ತದೆ, ಹಾಗಾಗಿ ಟನ್ನಿಗೆ ಐದೂವರೆ ಕೆಜಿಯಷ್ಟು ಡಿಸಿಪಿ ಬಿಡಬಹುದು. ಮೊದಲ ಸಲವೇ ಅಷ್ಟೂ ತೆಗೆಯಬೇಡಿ. ಅರ್ಧ ತೆಗೆದು ನೋಡಿ.

ಜಾಸ್ತಿ ಜನ ಎಡವುವುದು ಇದರ ನಂತರ. ಡಿಸಿಪಿ ಹೋದ ಜೊತೆಗೆ ಅದರಲ್ಲಿದ್ದ ಕ್ಯಾಲ್ಸಿಯಂ ಕೂಡ ಹೋಯಿತಲ್ಲ ಎಂದು ಸುಣ್ಣದ ಕಲ್ಲಿನ ಪುಡಿಯನ್ನು ಧಾರಾಳವಾಗಿ ಹಾಕಿಬಿಡುತ್ತಾರೆ, ಯಾಕೆಂದರೆ ಅದು ಅಗ್ಗ. ಕ್ಯಾಲ್ಸಿಯಂ ಅತಿಯಾದರೆ ಫೈಟೇಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಜಠರದ ಹುಳಿಯನ್ನೂ ತಗ್ಗಿಸುತ್ತದೆ, ಕಿಣ್ವಕ್ಕೆ ಹುಳಿ ವಾತಾವರಣವೇ ಬೇಕು. ಫೈಟೇಟ್ ಒಡೆದಾಗ ಅದರಲ್ಲಿ ಸಿಕ್ಕಿಕೊಂಡ ಕ್ಯಾಲ್ಸಿಯಂ ಕೂಡ ಸ್ವಲ್ಪ ಬಿಡುಗಡೆಯಾಗುತ್ತದೆ ಅನ್ನುವುದನ್ನು ನೆನಪಿಡಿ. ಒಟ್ಟು ಕ್ಯಾಲ್ಸಿಯಂ ಒಟ್ಟು ರಂಜಕದ ಒಂದೂಕಾಲು ಪಟ್ಟು ದಾಟದಿರಲಿ. ಮರಿಗಳ ಭೇದಿ ತಡೆಯಲು ಜಿಂಕ್ ಆಕ್ಸೈಡ್ ಹೆಚ್ಚಿಗೆ ಕೊಡುತ್ತಿದ್ದರೆ ಅದೂ ಫೈಟೇಸಿನ ಕೆಲಸ ಕುಗ್ಗಿಸುತ್ತದೆ.

ಬಿಸಿ ಇದಕ್ಕೆ ಆಗುವುದಿಲ್ಲ. ಆಹಾರವನ್ನು ಒತ್ತಿ ಪೆಲೆಟ್ (ಗುಳಿಗೆ) ಮಾಡುವಾಗ 80 ಡಿಗ್ರಿ ದಾಟಿದರೆ ಸಾಮಾನ್ಯ ಫೈಟೇಸ್ ಸತ್ತಂತೆಯೇ. ಲೇಪನ ಇರುವ ಅಥವಾ ಬಿಸಿ ತಡೆಯುವ ಬಗೆಯ ಫೈಟೇಸ್ ಕೇಳಿ ತನ್ನಿ, ಇಲ್ಲವೇ ಪೆಲೆಟ್ ತಣಿದ ಮೇಲೆ ದ್ರವರೂಪದ್ದನ್ನು ಸಿಂಪಡಿಸಿ. ಪುಡಿ ಆಹಾರ ಕೊಡುವವರಿಗೆ ಈ ತಲೆನೋವಿಲ್ಲ. ತೆರೆದ ಪ್ಯಾಕೆಟ್ ತಂಪಾದ, ಒಣ ಜಾಗದಲ್ಲಿರಲಿ, ಖನಿಜ ಮಿಶ್ರಣದ ಜೊತೆ ಕಲಸಿ ತಿಂಗಳುಗಟ್ಟಲೆ ಇಡಬೇಡಿ.

ಗೋಧಿ ಬೂಸಾದಲ್ಲಿ ಫೈಟೇಸ್ ತಾನಾಗಿಯೇ ಇರುತ್ತದೆ, ನೆನೆಹಾಕಿ ಕೊಟ್ಟರೆ ಅದು ಹೊಟ್ಟೆಗೆ ಹೋಗುವ ಮೊದಲೇ ಕೆಲಸ ಶುರುಮಾಡುತ್ತದೆ. ಮೆಕ್ಕೆಜೋಳ, ಸೋಯಾದಲ್ಲಿ ಅಷ್ಟಿಲ್ಲ.

ಬದಲಾಯಿಸಿದ ಮೇಲೆ ಕಾಲು ನೋಡುತ್ತಿರಿ. ಮರಿಗಳ ಬೆಳವಣಿಗೆ ನಿಧಾನವಾದರೆ, ಕುಂಟಿದರೆ, ಹಾಲುಣಿಸುವ ತಾಯಿ ಹಂದಿ ಹಿಂಗಾಲು ಊರಿ ಏಳಲು ಒದ್ದಾಡಿದರೆ, ಕಾಯದೆ ಡಿಸಿಪಿಯನ್ನು ಮೊದಲಿನಷ್ಟಕ್ಕೆ ಏರಿಸಿ, ಪಶುವೈದ್ಯರನ್ನು ಕರೆಸಿ.