ಹಳೆಯ ಎಕ್ಸ್‌ಪಿಗೆ ಹಾರ್ಡ್‌ಡಿಸ್ಕ್ ಕಾಣದಿದ್ದಾಗ

ಹಳೆಯ ಡಿಟಿಪಿ ತಂತ್ರಾಂಶವನ್ನೇ ನಂಬಿದ ಮುದ್ರಣಾಲಯಗಳಲ್ಲಿ, ಹಳೆಯ ಕಂಟ್ರೋಲ್ ಕಾರ್ಡಿನ ಯಂತ್ರ ನಡೆಸುವ ವರ್ಕ್‌ಶಾಪುಗಳಲ್ಲಿ ವಿಂಡೋಸ್ ಎಕ್ಸ್‌ಪಿಯನ್ನು ಇಂದಿಗೂ ಇನ್‌ಸ್ಟಾಲ್ ಮಾಡಬೇಕಾಗಿ ಬರುವುದುಂಟು. ಇದ್ದ ಕಂಪ್ಯೂಟರ್ ಕೆಟ್ಟು, ಅದರ ಜಾಗಕ್ಕೆ ಕೆಲವು ವರ್ಷ ಈಚಿನ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದು ಸಿಡಿ ಹಾಕಿದಾಗ, ಫೈಲುಗಳೆಲ್ಲ ಲೋಡ್ ಆದ ಬಳಿಕ ಕೆಲಸ ಅಲ್ಲಿಗೇ ನಿಂತುಬಿಡುತ್ತದೆ. ಒಂದೋ ಹಾರ್ಡ್‌ಡಿಸ್ಕ್ ಸಿಗಲಿಲ್ಲವೆಂಬ ಸಂದೇಶ ಬರುತ್ತದೆ, ಇಲ್ಲವೇ ನೀಲಿ ಪರದೆಯ ಮೇಲೆ 7ಬಿ ಎಂದು ಕೊನೆಗೊಳ್ಳುವ ಸ್ಟಾಪ್ ಸಂಖ್ಯೆ ಮೂಡುತ್ತದೆ. ಡಿಸ್ಕ್ ಹೋಯಿತೆಂದು ಹೊಸದನ್ನು ಕೊಳ್ಳುವ ಮುನ್ನ ಸ್ವಲ್ಪ ತಾಳುವುದು ಒಳ್ಳೆಯದು.

ಎಕ್ಸ್‌ಪಿ ಬಿಡುಗಡೆಯಾದದ್ದು 2001ರಲ್ಲಿ. ಸಾಟಾ ಎಂಬ ಬಗೆಯ ಕೇಬಲ್ ಸಂಪರ್ಕದ ಡಿಸ್ಕುಗಳನ್ನು ನಿಯಂತ್ರಿಸುವ ಎಎಚ್‌ಸಿಐ ಎಂಬ ವಿಧಾನವನ್ನು ಇಂಟೆಲ್ ರೂಪಿಸಿದ್ದು ಅದಾದ ಮೇಲೆ. ಸೆಟಪ್ಪಿನ ಮೊದಲ ಹಂತದಲ್ಲಿ ಫೈಲುಗಳನ್ನು ಓದಿಕೊಡುವುದು ಬಯೋಸ್ (ವಿಂಡೋಸಿಗೂ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಆದ್ದರಿಂದ ಎಲ್ಲವೂ ಸರಿಯಾಗಿದ್ದಂತೆ ತೋರುತ್ತದೆ. ವಿಂಡೋಸ್ ತನ್ನದೇ ಡ್ರೈವರುಗಳಿಂದ (ಯಂತ್ರಭಾಗಗಳನ್ನು ನಡೆಸುವ ಸಣ್ಣ ತಂತ್ರಾಂಶಗಳಿಂದ) ಡಿಸ್ಕನ್ನು ಮುಟ್ಟಲು ಹೊರಟ ಕ್ಷಣದಲ್ಲಿ, ಸಿಡಿಯಲ್ಲಿ ಆ ಡ್ರೈವರೇ ಇಲ್ಲದ ಸಂಗತಿ ಬಯಲಾಗುತ್ತದೆ.

ಮೊದಲ ಹೆಜ್ಜೆಯಾಗಿ ಕಂಪ್ಯೂಟರನ್ನು ಮತ್ತೆ ಆನ್ ಮಾಡಿ ಬಯೋಸ್ ಪ್ರವೇಶಿಸಿ, ಡಿಸ್ಕಿನ ಹೆಸರು ಅಲ್ಲಿ ಇದೆಯೇ ನೋಡಬೇಕು. ಅಲ್ಲಿಯೂ ಕಾಣದಿದ್ದರೆ ಕೇಬಲ್, ವಿದ್ಯುತ್ ಕನೆಕ್ಟರ್ ಅಥವಾ ಡಿಸ್ಕನ್ನೇ ಪರೀಕ್ಷಿಸಬೇಕು. ಡ್ರೈವರಿನ ಮಾತು ಆಮೇಲೆ.

ಹೆಸರು ಕಂಡರೆ ಅದೇ ಬಯೋಸ್‌ನಲ್ಲಿ ಸಾಟಾ ಮೋಡ್ ಎಂಬ ಆಯ್ಕೆಯನ್ನು ಹುಡುಕಿ, ಎಎಚ್‌ಸಿಐ ಎಂದಿರುವುದನ್ನು ಎಕ್ಸ್‌ಪಿಗೆ ಗೊತ್ತಿರುವ ಹಳೆಯ ವಿಧಾನವಾದ ಐಡಿಇಗೆ ಬದಲಿಸಿ, ಸೇವ್ ಮಾಡಿ, ಸಿಡಿಯಿಂದ ಮತ್ತೆ ಬೂಟ್ ಮಾಡಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಐಡಿಇ ಬದಲು ಕಂಪ್ಯಾಟಿಬಲ್ ಅಥವಾ ಲೆಗಸಿ ಎಂದು ಬರೆದಿರುತ್ತದೆ. ಒಂದೇ ತಂತ್ರಾಂಶ ನಡೆಸುವ ಕಂಪ್ಯೂಟರಿಗೆ ಇಷ್ಟೇ ಸಾಕು, ವೇಗದಲ್ಲಿ ಆಗುವ ಅಲ್ಪ ನಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದೇ ಕಂಪ್ಯೂಟರಿನಲ್ಲಿ ಎಎಚ್‌ಸಿಐ ಮೋಡಿನಲ್ಲಿ ಹಾಕಿದ ಬೇರೆ ವಿಂಡೋಸ್ ಇದ್ದರೆ, ಈ ಬದಲಾವಣೆಯಿಂದ ಅದು ಬೂಟ್ ಆಗದೆ ಇದೇ 7ಬಿ ದೋಷವನ್ನು ತೋರಿಸಬಹುದು; ಮೊದಲಿದ್ದ ಸೆಟ್ಟಿಂಗನ್ನು ಕಾಗದದಲ್ಲಿ ಬರೆದಿಟ್ಟುಕೊಂಡಿರಬೇಕು.

ಐಡಿಇ ಆಯ್ಕೆಯೇ ಇಲ್ಲದಿದ್ದರೆ ಡ್ರೈವರನ್ನು ನಾವೇ ಒದಗಿಸಬೇಕು. ಕಂಪ್ಯೂಟರಿನ ಅಥವಾ ಚಿಪ್‌ಸೆಟ್ಟಿನ ತಯಾರಕರು ಎಕ್ಸ್‌ಪಿಗಾಗಿ ಕೊಟ್ಟಿರುವ, ಫ್ಲಾಪಿಗೆ ಹಾಕುವ ಸಾಟಾ ಡ್ರೈವರನ್ನು ಇಳಿಸಿಕೊಂಡು, ಅದರ ಫೈಲುಗಳನ್ನು ಯಾವ ಫೋಲ್ಡರಿಗೂ ಹಾಕದೆ ನೇರವಾಗಿ ಫ್ಲಾಪಿಗೆ ಕಾಪಿ ಮಾಡಬೇಕು. ಟಿಎಕ್ಸ್‌ಟಿಸೆಟಪ್ ಡಾಟ್ ಒಇಎಂ ಎಂಬ ಫೈಲು ಹೊರಗೇ ಕಾಣುವಂತಿರಬೇಕು. ಸೆಟಪ್ ಶುರುವಾಗುತ್ತಿದ್ದಂತೆ ನೀಲಿ ಪರದೆಯ ಕೆಳಭಾಗದಲ್ಲಿ ಎಫ್6 ಒತ್ತುವಂತೆ ಒಂದು ಸಾಲು ಕೆಲವೇ ಕ್ಷಣ ಬಂದು ಹೋಗುತ್ತದೆ. ಆಗಲೇ ಒತ್ತಬೇಕು. ಒತ್ತಿದ ತಕ್ಷಣ ಏನೂ ಆಗದಿದ್ದರೂ ಕಳವಳ ಬೇಡ, ಸ್ವಲ್ಪ ಹೊತ್ತಿನ ಮೇಲೆ ಸೆಟಪ್ ತಾನಾಗಿಯೇ ಕೇಳುತ್ತದೆ. ಆಗ ಎಸ್ ಒತ್ತಿ, ಪಟ್ಟಿಯಲ್ಲಿ ನಿಮ್ಮ ಕಂಟ್ರೋಲರನ್ನು (ಡಿಸ್ಕನ್ನು ನಿಯಂತ್ರಿಸುವ ಚಿಪ್ಪನ್ನು) ಆರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ: ಒಂದೇ ಅಕ್ಷರದ ವ್ಯತ್ಯಾಸವಿರುವ ಹೆಸರುಗಳು ಸಾಲಾಗಿ ಇರುತ್ತವೆ, ತಪ್ಪಾದುದನ್ನು ಆರಿಸಿದರೆ ಮತ್ತೆ ಅದೇ ನೀಲಿ ಪರದೆ. ಆ ಕಂಪ್ಯೂಟರಿನಲ್ಲಿ ಬೇರೆ ವಿಂಡೋಸ್ ನಡೆಯುತ್ತಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ ಕಂಟ್ರೋಲರಿನ ಹಾರ್ಡ್‌ವೇರ್ ಐಡಿಯನ್ನು ಮೊದಲೇ ಗುರುತು ಹಾಕಿಕೊಂಡು, ಡ್ರೈವರಿನ ಐಎನ್‌ಎಫ್ ಫೈಲಿನಲ್ಲಿರುವ ಐಡಿಯೊಂದಿಗೆ ತಾಳೆ ನೋಡಬಹುದು. ಫೈಲುಗಳನ್ನು ಡಿಸ್ಕಿಗೆ ಕಾಪಿ ಮಾಡುವಾಗ ಸೆಟಪ್ ಫ್ಲಾಪಿಯನ್ನು ಎರಡನೆಯ ಸಲ ಓದುವುದರಿಂದ, ಅಲ್ಲಿಯವರೆಗೆ ಅದನ್ನು ತೆಗೆಯಬಾರದು.

ಫ್ಲಾಪಿ ಡ್ರೈವ್ ಈಗ ಎಲ್ಲಿದೆ ಎಂಬ ಪ್ರಶ್ನೆ ಸಹಜ. ಪೆನ್‌ಡ್ರೈವಿನಲ್ಲಿ ಡ್ರೈವರ್ ಇಟ್ಟರೆ ಎಫ್6 ಅದನ್ನು ಓದುವುದಿಲ್ಲ. ಯುಎಸ್‌ಬಿ ಫ್ಲಾಪಿ ಡ್ರೈವುಗಳಲ್ಲಿಯೂ ಕೆಲವು ಮಾತ್ರ ನಡೆಯುತ್ತವೆ. ಹಾಗಾಗಿ ಎನ್‌ಲೈಟ್ ಎಂಬ ಉಚಿತ ತಂತ್ರಾಂಶದ ದಾರಿ ಉತ್ತಮ. ಇನ್ನೊಂದು ಕಂಪ್ಯೂಟರಿನಲ್ಲಿ ಎಕ್ಸ್‌ಪಿ ಸಿಡಿಯನ್ನು ಒಂದು ಫೋಲ್ಡರಿಗೆ ಕಾಪಿ ಮಾಡಿ, ಎನ್‌ಲೈಟಿನಲ್ಲಿ ಆ ಫೋಲ್ಡರನ್ನು ತೋರಿಸಿ, ಡ್ರೈವರನ್ನು ಟೆಕ್ಸ್ಟ್‌ಮೋಡ್ (ಸೆಟಪ್ಪಿನ ನೀಲಿ ಪರದೆಯ ಹಂತದಲ್ಲೇ ಲೋಡ್ ಆಗುವ ಬಗೆ) ಎಂದೇ ಸೇರಿಸಿ, ಹೊಸ ಐಎಸ್‌ಒ (ಇಡೀ ಸಿಡಿಯನ್ನು ಒಳಗೊಂಡ ಒಂದೇ ಫೈಲು) ಮಾಡಿ ಕಡಿಮೆ ವೇಗದಲ್ಲಿ ಸಿಡಿಗೆ ಬರೆಯಬೇಕು. ಇದೇ ಸಂದರ್ಭದಲ್ಲಿ 2008ರ ಸರ್ವಿಸ್ ಪ್ಯಾಕ್ 3 (ಎಕ್ಸ್‌ಪಿಯ ತಿದ್ದುಪಡಿಗಳ ಕಂತೆ) ಅನ್ನೂ ಸೇರಿಸಿಬಿಡಬಹುದು. ಯಾವ ಸರ್ವಿಸ್ ಪ್ಯಾಕೂ ಇಲ್ಲದ ಮೂಲ ಸಿಡಿಗೆ ಸುಮಾರು 137 ಜಿಬಿಗಿಂತ ದೊಡ್ಡ ಡಿಸ್ಕ್ ಪೂರ್ತಿ ಕಾಣುವುದಿಲ್ಲ. 32 ಬಿಟ್‌ನ ಎಕ್ಸ್‌ಪಿಗೆ 32 ಬಿಟ್‌ನ ಡ್ರೈವರೇ ಬೇಕೆಂಬುದನ್ನು ಮರೆಯಬಾರದು.

ಎನ್‌ವಿಎಂಇ ಎಂಬ, ಸಾಟಾ ಬಳಸದ ಹೊಸ ಬಗೆಯ ಎಸ್‌ಎಸ್‌ಡಿ ಇರುವ ತೀರಾ ಹೊಸ ಕಂಪ್ಯೂಟರಿನಲ್ಲಿ ಇಷ್ಟೆಲ್ಲ ಹೆಣಗಾಡುವುದು ವ್ಯರ್ಥ. ಅಲ್ಲಿ ಈಗಿರುವ ವಿಂಡೋಸಿನೊಳಗೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಲ್ಪಿತ ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕಿ, ಅದರ ಕಲ್ಪಿತ ಡಿಸ್ಕನ್ನು ಐಡಿಇ ಕಂಟ್ರೋಲರಿಗೆ ಜೋಡಿಸಿ ಎಕ್ಸ್‌ಪಿ ಹಾಕಿದರೆ ಯಾವ ಡ್ರೈವರೂ ಬೇಕಾಗುವುದಿಲ್ಲ. ಪ್ಯಾರಲಲ್ ಪೋರ್ಟಿನ ಡಾಂಗಲ್ (ತಂತ್ರಾಂಶ ನಡೆಯಲು ಚುಚ್ಚಿಡಬೇಕಾದ ಕೀಲಿ) ಅಥವಾ ಒಳಗೆ ಕೂರಿಸುವ ಕಾರ್ಡ್ ಬೇಡುವ ತಂತ್ರಾಂಶಕ್ಕೆ ಮಾತ್ರ ಈ ಉಪಾಯವನ್ನು ನೆಚ್ಚಿಕೊಳ್ಳುವಂತಿಲ್ಲ. ಅಂಥವರು ಐಡಿಇ ಮೋಡ್ ಇರುವ ಹಳೆಯ ಬೋರ್ಡೊಂದನ್ನು ಹುಡುಕಿಕೊಳ್ಳುವುದೇ ಸರಿ.

ಇನ್‌ಸ್ಟಾಲ್ ಮುಗಿದ ಮೇಲೆ ಬಯೋಸಿನಲ್ಲಿ ಎಎಚ್‌ಸಿಐಗೆ ಮರಳುವ ಆಸೆ ಹಲವರಿಗೆ ಬರುತ್ತದೆ. ಎಕ್ಸ್‌ಪಿಯೊಳಗೆ ಅದರ ಡ್ರೈವರನ್ನು ಮೊದಲೇ ಕೂರಿಸದೆ ಹಾಗೆ ಮಾಡಿದರೆ 7ಬಿ ಮತ್ತೆ ಎದುರಾಗುತ್ತದೆ. ಆಗ ಐಡಿಇಗೇ ಹಿಂದಿರುಗಿಸಿದರೆ ಕಂಪ್ಯೂಟರ್ ಎಂದಿನಂತೆ ಬೂಟ್ ಆಗುತ್ತದೆ.