ಹಂಚಿನಂತೆ ಕಾದ ಲ್ಯಾಪ್‌ಟಾಪ್: ಬಿಚ್ಚುವ ಮೊದಲು ಕಿವಿಗೊಡಿ

ಕಳೆದ ಏಪ್ರಿಲ್‌ನ ಒಂದು ರಾತ್ರಿ. ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ‘ಈ ಹೊತ್ತಿನ್ಯಾಗ ಮಿಕ್ಸರ್ ಯಾಕ ಹಚ್ಚೀಯೋ?’ ಎಂದು ಅವ್ವ ಒಳಗಿನಿಂದ ಕೂಗಿದಳು. ಮಿಕ್ಸರ್ ಅಲ್ಲ, ನನ್ನ ಲ್ಯಾಪ್‌ಟಾಪಿನ ಫ್ಯಾನ್. ಐದು ವರ್ಷದ ಹಳೆಯ ಮಷೀನು. ವಾರಂಟಿ ಒಂದೇ ವರ್ಷದ್ದು, ಅದು ಮುಗಿದದ್ದು ಯಾವಾಗ ಎಂಬುದೂ ಮರೆತುಹೋಗಿತ್ತು.

ಮರುದಿನ ಒಂದು ಅಂಗಡಿಗೆ ಒಯ್ದೆ. ಕೌಂಟರಿನಲ್ಲಿದ್ದವರು ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಕೆಳಗೆ ಕೈ ಹಿಡಿದು ನೋಡಿ, ‘ಬೋರ್ಡ್ ಹೊಂಟೈತ್ರಿ, ಹೊಸಾದು ತಗೊಂಡ್ಬಿಡ್ರಿ’ ಎಂದರು. ಬೋರ್ಡಿಗೆ, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಗೆ, ಏನೂ ಆಗಿರಲಿಲ್ಲ. ಭಾನುವಾರ ಕೂತು ಬಿಚ್ಚಿದಾಗ ಸಿಕ್ಕಿದ್ದು ಒಂದು ಬೆರಳುದ್ದದ, ಬೂದು ಬಣ್ಣದ ಧೂಳಿನ ಪಟ್ಟಿ. ಥೇಟ್ ಕಂಬಳಿ ಚೂರಿನ ಹಾಗೆ. ನಮ್ಮ ಮನೆ ಹಳೇ ಹುಬ್ಬಳ್ಳಿಯಲ್ಲಿ, ಎದುರಿಗೇ ಗಾದಿ ತುಂಬುವ ಅಂಗಡಿ. ಹತ್ತಿಯ ಎಳೆ ಗಾಳಿಯಲ್ಲಿ ಸದಾ ತೇಲುತ್ತಿರುತ್ತದೆ. ಅದಕ್ಕೆ ರಸ್ತೆಯ ಧೂಳು ಸೇರಿತು, ಅಡುಗೆಮನೆಯ ಒಗ್ಗರಣೆ ಜಿಡ್ಡು ಸೇರಿತು. ಇನ್ನೇನು ಬೇಕು?

ಆವತ್ತು ನಾನು ಮಾಡಿದ್ದನ್ನು, ಮಾಡಬಾರದಿತ್ತು ಎಂದು ಆಮೇಲೆ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ. ಒಂದೇ ಮಾತು ಮೊದಲೇ ಹೇಳಿಬಿಡುತ್ತೇನೆ: ಒಂದು ಪುಸ್ತಕ, ಒಂದು ಪೆನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಪ್ರತಿ ಹೆಜ್ಜೆಗೂ ಮೊದಲು ಎಷ್ಟು ಡಿಗ್ರಿ ಇತ್ತು, ಆಮೇಲೆ ಎಷ್ಟಾಯಿತು ಎಂದು ಬರೆಯಿರಿ. ಇಲ್ಲದಿದ್ದರೆ ಯಾವ ಔಷಧ ಹತ್ತಿತು ಅಂತ ಗೊತ್ತೇ ಆಗುವುದಿಲ್ಲ.

ಮೊದಲು ಕಿವಿ, ಆಮೇಲೆ ಕೈ

ಎಲ್ಲ ಸದ್ದೂ ಒಂದೇ ಅಲ್ಲ. ‘ಭರ್ರ್’ ಎಂದು ಗಾಳಿ ನುಗ್ಗುವ ಹಾಗೆ ಒಂದೇ ಸಮನೆ ಕೇಳಿದರೆ ಫ್ಯಾನ್ ಚೆನ್ನಾಗಿಯೇ ಇದೆ, ಪೂರ್ತಿ ವೇಗದಲ್ಲಿ ತಿರುಗುತ್ತಿದೆ ಅಷ್ಟೆ. ‘ಗರ್ ಗರ್’ ಎಂದು ಹಳೆಯ ಹಿಟ್ಟಿನ ಗಿರಣಿಯ ಹಾಗೆ ಕೇಳಿದರೆ ಬೇರಿಂಗ್ ಸವೆದಿದೆ. ಬೆಳಗ್ಗೆ ಶುರು ಮಾಡಿದ ಕೂಡಲೇ ಗೊರಗುಟ್ಟಿ, ಹತ್ತು ನಿಮಿಷದಲ್ಲಿ ಸುಮ್ಮನಾದರೂ ಬೇರಿಂಗೇ. ‘ಟಕ್ ಟಕ್’ ಎನ್ನುತ್ತಾ, ಲ್ಯಾಪ್‌ಟಾಪ್ ಸ್ವಲ್ಪ ಓರೆ ಮಾಡಿದರೆ ನಿಂತುಹೋದರೆ ಒಳಗೆ ಒಂದು ವೈರೋ ಕಸವೋ ರೆಕ್ಕೆಗೆ ತಾಗುತ್ತಿದೆ. ಪುಟ ಸರಿಸುವಾಗ ಮಾತ್ರ ಸೊಳ್ಳೆಯ ಹಾಗೆ ಸಣ್ಣಗೆ ಕಿರ್ರೆನ್ನುವುದು ಬೋರ್ಡಿನ ಕಾಯಿಲ್‌ಗಳ ಸದ್ದು. ಕಿರಿಕಿರಿ ನಿಜ, ಅಪಾಯ ಇಲ್ಲ.

ಹಳೆಯ ಹಾರ್ಡ್ ಡಿಸ್ಕ್ ಇರುವ ಮಷೀನಿನಲ್ಲಿ ‘ಕ್ಲಿಕ್, ಕ್ಲಿಕ್’ ಎಂದು ತಾಳಕ್ಕೆ ತಕ್ಕಂತೆ ಕೇಳಿದರೆ ಈ ಲೇಖನ ಇಲ್ಲಿಗೇ ಬಿಡಿ. ಮೊದಲು ಫೋಟೋ, ಕಾಗದಪತ್ರ ಎಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆ ಡಿಸ್ಕ್ ಹೋಗುವ ದಾರಿಯಲ್ಲಿದೆ.

ಈಗ ಕೈ. ಬಿಸಿಗಾಳಿ ಹೊರಬರುವ ಕಿಂಡಿಯ ಮುಂದೆ ಟಿಶ್ಯೂ ಕಾಗದದ ಒಂದು ಸಣ್ಣ ಪಟ್ಟಿ ಹಿಡಿಯಿರಿ. ಫ್ಯಾನ್ ಅಷ್ಟು ಕೂಗುತ್ತಿದ್ದರೂ ಕಾಗದ ಅಲ್ಲಾಡದಿದ್ದರೆ ದಾರಿ ಕಟ್ಟಿದೆ, ಧೂಳು. ಗಾಳಿ ಜೋರಾಗಿ, ಚೆನ್ನಾಗಿ ಬಿಸಿಯಾಗಿ ಬಂದರೆ ತಂಪು ಮಾಡುವ ಏರ್ಪಾಟು ಸರಿಯಿದೆ, ಒಳಗೆ ಯಾವುದೋ ಪ್ರೋಗ್ರಾಂ ವಿಪರೀತ ಕೆಲಸ ಕೊಡುತ್ತಿದೆ. ಮೂರನೆಯದು ಸ್ವಲ್ಪ ವಿಚಿತ್ರ: ಗಾಳಿ ಜೋರಾಗಿ ಬರುತ್ತದೆ, ಆದರೆ ಬಿಸಿಯೇ ಇಲ್ಲ, ಒಳಗೆ ನೋಡಿದರೆ 95 ಡಿಗ್ರಿ! ಅಂದರೆ ಲ್ಯಾಪ್‌ಟಾಪಿನ ಮಿದುಳಾದ ಪ್ರೊಸೆಸರ್ ಚಿಪ್ಪಿನ ಬಿಸಿ ಫ್ಯಾನಿನವರೆಗೆ ಬರುತ್ತಲೇ ಇಲ್ಲ. ನಡುವಿನ ಪೇಸ್ಟ್ ಒಣಗಿದೆ.

ಅದು ಹೇಗೆ ಅಂದರೆ, ಪ್ರೊಸೆಸರ್ ಚಿಪ್ಪಿನ ಮೇಲೆ ತೆಳ್ಳಗೆ ಥರ್ಮಲ್ ಪೇಸ್ಟ್, ಅದರ ಮೇಲೆ ಒಂದು ತಾಮ್ರದ ತಗಡು, ಅದಕ್ಕೆ ಅಂಟಿದ ಚಪ್ಪಟೆ ತಾಮ್ರದ ಕೊಳವೆ. ಕೊಳವೆ ಗಟ್ಟಿ ತಾಮ್ರ ಅಲ್ಲ, ಪೊಳ್ಳು. ಒಳಗೆ ಒಂದಿಷ್ಟು ದ್ರವ ಇರುತ್ತದೆ. ಚಿಪ್ಪಿನ ಕಡೆ ಅದು ಆವಿಯಾಗುತ್ತದೆ, ಫ್ಯಾನಿನ ಕಡೆ ಹೋಗಿ ಇಡ್ಲಿ ಪಾತ್ರೆಯ ಮುಚ್ಚಳದ ಮೇಲಿನ ನೀರಿನಂತೆ ಮತ್ತೆ ಹನಿಯಾಗುತ್ತದೆ, ತಿರುಗಿ ಬರುತ್ತದೆ. ಆ ತುದಿಯಲ್ಲಿ ಬಾಚಣಿಗೆ ಹಲ್ಲಿನಂಥ ತೆಳು ಪಟ್ಟಿಗಳಿವೆ. ಫ್ಯಾನ್ ಅವುಗಳ ನಡುವೆ ಗಾಳಿ ಊದುತ್ತದೆ. ನನ್ನ ಕಂಬಳಿ ಚೂರು ಕೂತದ್ದು ಫ್ಯಾನಿಗೂ ಈ ಹಲ್ಲುಗಳಿಗೂ ನಡುವೆ. ಹೊರಗಿನಿಂದ ಟಾರ್ಚ್ ಹಾಕಿ ನೋಡಿದರೂ ಕಾಣುವುದಿಲ್ಲ.

ಜ್ವರ ಅಳೆಯುವುದು

ವಿಂಡೋಸ್ ಲ್ಯಾಪ್‌ಟಾಪ್ ಆದರೆ, ಒಳಗಿನ ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ (HWiNFO) ಎಂಬ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ತೆರೆಯುವಾಗ ‘ಸೆನ್ಸರ್ಸ್ ಓನ್ಲಿ’ ಆರಿಸಿದರೆ ಸಾಕು. ಸುಮ್ನೆ ಬಿಟ್ಟಾಗ 40ರಿಂದ 55 ಡಿಗ್ರಿ, ಕೆಲಸ ಜಾಸ್ತಿ ಇದ್ದಾಗ 75ರಿಂದ 90 ಇದ್ದರೆ ಗಾಬರಿ ಬೇಡ. ಹೆಚ್ಚಿನ ಪ್ರೊಸೆಸರ್‌ಗಳ ಮಿತಿ 100ರ ಆಸುಪಾಸು. ಅದರ ಹತ್ತಿರ ಹೋದರೆ ಚಿಪ್ಪು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಮಧ್ಯಾಹ್ನ ಮೂರಕ್ಕೆ ಲ್ಯಾಪ್‌ಟಾಪ್ ಎಮ್ಮೆಯ ಹಾಗೆ ಕೂತುಬಿಡುತ್ತದೆ, ನಾವು ವೈರಸ್ ಅಂತ ಬೈಯುತ್ತೇವೆ.

ಪುಸ್ತಕದಲ್ಲಿ ಕೋಣೆಯ ಬಿಸಿಯನ್ನೂ ಬರೆಯಬೇಕು. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕೋಣೆ ಹತ್ತು ಡಿಗ್ರಿ ಜಾಸ್ತಿ ಕಾದರೆ ಚಿಪ್ಪೂ ಸುಮಾರು ಅಷ್ಟೇ ಜಾಸ್ತಿ ಕಾಯುತ್ತದೆ. ಧಾರವಾಡದ ಜನವರಿ ಬೆಳಗನ್ನೂ ಗದಗಿನ ಏಪ್ರಿಲ್ ಮಧ್ಯಾಹ್ನವನ್ನೂ ಹೋಲಿಸಿ ‘ಕೆಟ್ಟೇ ಹೋಯಿತು’ ಅನ್ನಬಾರದು. ನನ್ನ ಮೊದಲ ದಿನದ ಸಾಲು ಹೀಗಿತ್ತು: ಕೋಣೆ 34, ಸುಮ್ನೆ 66, ವಿಡಿಯೊ ಕಾಲ್ ಮಾಡುವಾಗ 97.

ಬಿಚ್ಚದೆ ಆಗುವಷ್ಟು

ಧಾರವಾಡದ ಸಪ್ತಾಪುರದ ಕಡೆ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಯಾವ ರೂಮಿಗೆ ಹೋದರೂ ಲ್ಯಾಪ್‌ಟಾಪ್ ಗಾದಿಯ ಮೇಲೋ ಕೌದಿಯ ಮೇಲೋ ಇರುತ್ತದೆ. ಬಹಳಷ್ಟು ಮಾಡೆಲ್‌ಗಳು ತಂಪು ಗಾಳಿ ಎಳೆದುಕೊಳ್ಳುವುದೇ ಹೊಟ್ಟೆಯ ಕೆಳಗಿನಿಂದ. ನಮ್ಮ ಕೌದಿ ಚಳಿಗಾಲದಲ್ಲಿ ಮನುಷ್ಯರನ್ನು ಎಷ್ಟು ಬೆಚ್ಚಗೆ ಇಡುತ್ತದೋ ಲ್ಯಾಪ್‌ಟಾಪನ್ನೂ ಅಷ್ಟೇ ಬೆಚ್ಚಗೆ ಇಡುತ್ತದೆ. ಗಟ್ಟಿ ಹಲಗೆಯ ಮೇಲೆ ಇಡಿ. ಹಿಂದಿನ ಎರಡು ಮೂಲೆಗೆ ಬಾಟಲಿ ಮುಚ್ಚಳ ಕೊಟ್ಟು ಒಂದು ಬೆರಳಿನಷ್ಟು ಎತ್ತಿ. ನನಗೆ ಇದರಿಂದಲೇ 97 ಇದ್ದದ್ದು 93 ಆಯಿತು. ಕೂಲಿಂಗ್ ಪ್ಯಾಡ್ ಕೊಳ್ಳುವ ಮೊದಲು ಮುಚ್ಚಳ ಪರೀಕ್ಷೆ ಮಾಡಿ ನೋಡಿ.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನುವವರು ಮೇಲೆ ಬರುತ್ತಾರೆ. ಬ್ರೌಸರಿನ ನಲವತ್ತು ಟ್ಯಾಬ್, ಒಂದರ ಮೇಲೊಂದು ಎರಡು ಆಂಟಿವೈರಸ್, ಹೀಗೆ ಏನಾದರೂ ಸಿಕ್ಕೇ ಸಿಗುತ್ತದೆ.

ಇನ್ನೊಂದು ಉಪಾಯ ಇದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಹುಡುಕಿ. ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ 100 ಇದ್ದದ್ದನ್ನು 99 ಮಾಡಿ. ಒಂದೇ ಒಂದು ಅಂಕಿ ಇಳಿಸಿದ್ದಕ್ಕೆ ಏನಾಗುತ್ತದೆ ಅಂತೀರಾ? ಬಹಳಷ್ಟು ಮಷೀನುಗಳಲ್ಲಿ ಟರ್ಬೊ ಓಟವೇ, ಅಂದರೆ ಚಿಪ್ಪು ಆಗಾಗ ಮಾಮೂಲಿಗಿಂತ ಜೋರಾಗಿ ಓಡುವುದೇ, ನಿಂತುಹೋಗುತ್ತದೆ. ವೇಗ ಸ್ವಲ್ಪ ಕಡಿಮೆ, ಬಿಸಿ ಬಹಳ ಕಡಿಮೆ. ಟೈಪಿಂಗು, ಪಾಠ ಕೇಳುವುದು ಇಷ್ಟೇ ಇದ್ದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣಿಸುವುದಿಲ್ಲ, ಹುಡುಕಿ ಸುಸ್ತಾಗಬೇಡಿ. ಮುಂದೆ ಧೂಳು ತೆಗೆದು ಅಳೆಯುವಾಗ ಮಾತ್ರ ಇದನ್ನು ಮತ್ತೆ 100ಕ್ಕೆ ತನ್ನಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಬಿಚ್ಚುವುದೇ ಆದರೆ

ಮೊದಲು ಲ್ಯಾಪ್‌ಟಾಪನ್ನು ಸಪಾಟು ಮೇಜಿನ ಮೇಲೆ ಇಡಿ. ತಟ್ಟೆಯ ಹಾಗೆ ಅಲ್ಲಾಡುತ್ತದೆಯೇ? ಟಚ್‌ಪ್ಯಾಡ್ ಉಬ್ಬಿದೆಯೇ, ಒತ್ತಲು ಬಿಗಿಯಾಗಿದೆಯೇ? ಹಾಗಿದ್ದರೆ ಬ್ಯಾಟರಿ ಊದಿಕೊಂಡಿದೆ. ಚಾರ್ಜ್ ಮಾಡುವುದನ್ನು ನಿಲ್ಲಿಸಿ. ಅದನ್ನು ಒತ್ತಬಾರದು, ಚುಚ್ಚಬಾರದು, ಕಸದ ಗಾಡಿಗೂ ಹಾಕಬಾರದು. ಇದು ಮನೆಯ ಕೆಲಸ ಅಲ್ಲ, ಗೊತ್ತಿದ್ದವರ ಕೈಗೆ ಕೊಡಿ.

ಬ್ಯಾಟರಿ ಸರಿ ಇದ್ದರೆ ನಿಮ್ಮ ಮಾಡೆಲ್ ನಂಬರಿನ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ. ಡೆಲ್, ಎಚ್‌ಪಿ, ಲೆನೊವೊದಂಥ ಕಂಪನಿಗಳು ಬಹಳಷ್ಟು ಮಾಡೆಲ್‌ಗಳಿಗೆ ತಮ್ಮ ಜಾಲತಾಣದಲ್ಲಿ ಉಚಿತವಾಗಿಯೇ ಇಟ್ಟಿವೆ. ಯಾವ ಸ್ಕ್ರೂ ಎಲ್ಲಿ, ಯಾವುದು ಎಷ್ಟು ಉದ್ದ ಎಲ್ಲ ಚಿತ್ರದ ಸಮೇತ ಇರುತ್ತದೆ.

ಒಳ್ಳೆಯ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಬೇಕು. ಕನ್ನಡಕದ ಸ್ಕ್ರೂಡ್ರೈವರಿನಲ್ಲಿ ತಿರುವಿ ತಲೆ ಸವೆಸಿಕೊಂಡರೆ ಆಮೇಲೆ ಯಾರೂ ಬಿಚ್ಚಲಾರರು. ಒಂದು ಥರ್ಮಾಕೋಲ್ ತುಂಡಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಚುಚ್ಚಿಡಿ. ಗಿಡ್ಡ ಸ್ಕ್ರೂ ಇರಬೇಕಾದಲ್ಲಿ ಉದ್ದದ್ದು ಹಾಕಿದರೆ ಅದು ಕೀಬೋರ್ಡ್ ಪಕ್ಕದಲ್ಲಿ ಮೂಗು ತೂರಿಸುತ್ತದೆ. ಎಲ್ಲ ಬಿಚ್ಚಿದರೂ ಮುಚ್ಚಳ ಬರದಿದ್ದರೆ ಎಳೆಯಬೇಡಿ, ರಬ್ಬರ್ ಕಾಲಿನ ಅಡಿಯಲ್ಲಿ ಇನ್ನೊಂದು ಅಡಗಿರಬಹುದು. ಹಳೆಯ ಎಟಿಎಂ ಕಾರ್ಡನ್ನು ಅಂಚಿನಲ್ಲಿ ಸರಿಸುತ್ತಾ ಹೋದರೆ ಕೊಕ್ಕೆಗಳು ಟಪ್ ಟಪ್ ಎಂದು ಬಿಡುತ್ತವೆ.

ತೆರೆದ ತಕ್ಷಣ ಮಾಡುವ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಆಮೇಲೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಇಳಿಯಲಿ. ನಿಮ್ಮ ಕೈಯನ್ನೂ ಒಂದು ಸಲ ಕಿಟಕಿಯ ಸರಳಿಗೋ ಲೋಹದ ನಲ್ಲಿಗೋ ಮುಟ್ಟಿಸಿ, ಮೈಯಲ್ಲಿ ಸೇರಿದ ಸ್ಥಿರ ವಿದ್ಯುತ್ ಇಳಿಯಲಿ.

ಫ್ಯಾನ್ ಸ್ಕ್ರೂ ತೆಗೆದು ಪಕ್ಕಕ್ಕೆ ಸರಿಸಿದರೆ ಆ ಕಂಬಳಿ ಚೂರು ಕಾಣುತ್ತದೆ. ಚಿಮಟದಲ್ಲಿ ಹಿಡಿದು ಎತ್ತಿ. ಉಳಿದದ್ದಕ್ಕೆ ಪೇಂಟ್ ಬ್ರಶ್, ಕೈಯಿಂದ ಒತ್ತುವ ಏರ್ ಬ್ಲೋವರ್ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಅದು ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಹಾಳು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮುಂದೆ ಲ್ಯಾಪ್‌ಟಾಪ್ ಹಿಡಿದು ನಿಂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ. ಬೇಡ.

ಇಷ್ಟಕ್ಕೆ ಮುಚ್ಚಿ ಅಳೆದೆ. 97 ಇದ್ದ ಜಾಗದಲ್ಲಿ 83. ಕೋಣೆ ಅದೇ 34. ನಿಮಗೂ ಇಷ್ಟು ಇಳಿದರೆ ಅಲ್ಲಿಗೇ ನಿಲ್ಲಿಸಿ. ಪೇಸ್ಟ್ ಬದಲಿಸುವುದು ಚಟಕ್ಕೆ ಮಾಡುವ ಕೆಲಸ ಅಲ್ಲ. ನಾನು ಚಟಕ್ಕೇ ಮಾಡಿದೆ, ಒಪ್ಪಿಕೊಳ್ಳುತ್ತೇನೆ.

ಪೇಸ್ಟ್, ಜೋಳದ ಕಾಳಿನಷ್ಟು

ತಾಮ್ರದ ತಗಡಿನ ಸ್ಕ್ರೂಗಳ ಪಕ್ಕದಲ್ಲಿ ಸಾಮಾನ್ಯವಾಗಿ 1, 2, 3, 4 ಎಂದು ಕೆತ್ತಿರುತ್ತದೆ. ಬಿಚ್ಚುವಾಗ ತಿರುಗುಮುರುಗಾಗಿ 4ರಿಂದ 1ಕ್ಕೆ, ಬಿಗಿಯುವಾಗ ಅಂಕಿಯ ಕ್ರಮದಲ್ಲಿ, ಅದೂ ಸ್ವಲ್ಪ ಸ್ವಲ್ಪವಾಗಿ. ಒಂದೇ ಕಡೆ ಬಿಗಿದರೆ ಚಿಪ್ಪಿನ ಮೂಲೆ ಒಡೆಯಬಹುದು. ಕೊಳವೆ ಬಗ್ಗಿಸಬೇಡಿ, ಪೊಳ್ಳು ಎಂದು ಆಗಲೇ ಹೇಳಿದೆನಲ್ಲ.

ಹಳೆಯ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಉದುರುತ್ತದೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ಬಾಟಲಿಯ ಮೇಲೆ 90 ಪರ್ಸೆಂಟಿಗಿಂತ ಜಾಸ್ತಿ ಇರಲಿ. ಕೊರೊನಾ ಕಾಲದ ಸ್ಯಾನಿಟೈಸರ್ ಮನೆಯಲ್ಲಿ ಉಳಿದಿದೆ ಅಂತ ಅದನ್ನು ಹಚ್ಚಬೇಡಿ, ಅದರಲ್ಲಿ ಗ್ಲಿಸರಿನ್, ಸೆಂಟು ಎಲ್ಲ ಸೇರಿರುತ್ತದೆ. ಹೊಸ ಪೇಸ್ಟ್ ಚಿಪ್ಪಿನ ನಡುವೆ ಒಂದು ಜೋಳದ ಕಾಳಿನಷ್ಟು ಸಾಕು, ಉದ್ದನೆಯ ಚಿಪ್ಪಾದರೆ ಎರಡು. ರೊಟ್ಟಿಗೆ ಬೆಣ್ಣೆ ಮೆತ್ತಿದ ಹಾಗೆ ಮೆತ್ತಿದರೆ ಬಿಸಿ ದಾಟುವುದು ಕಡಿಮೆಯಾಗುತ್ತದೆ. ಪಕ್ಕದ ಸಣ್ಣ ಚಿಪ್ಪುಗಳ ಮೇಲೆ ರಬ್ಬರಿನಂಥ ಮೆತ್ತನೆ ಪ್ಯಾಡ್ ಇದ್ದರೆ ಅದನ್ನು ಹಾಗೇ ಬಿಡಿ. ಅದು ದೊಡ್ಡ ಸಂದು ತುಂಬಲು ಇಟ್ಟದ್ದು, ಆ ಸಂದನ್ನು ಪೇಸ್ಟ್ ತುಂಬುವುದಿಲ್ಲ. ತಗಡು ಎತ್ತಿದಾಗ ಬೆಳ್ಳಿಯಂತೆ ಹೊಳೆಯುವ ದ್ರವ ಕಂಡರೆ ಅದು ಲಿಕ್ವಿಡ್ ಮೆಟಲ್, ಕೆಲವು ಗೇಮಿಂಗ್ ಮಷೀನುಗಳಲ್ಲಿ ಇರುತ್ತದೆ. ಅದು ಬೋರ್ಡಿನ ಮೇಲೆ ಹರಿದರೆ ಶಾರ್ಟ್ ಆಗುತ್ತದೆ, ಮುಂದುವರಿಯಬೇಡಿ.

ನನ್ನದು 83ರಿಂದ 76ಕ್ಕೆ ಬಂತು.

ಗೊರಗುಟ್ಟುವ ಫ್ಯಾನಿಗೆ ಮಾತ್ರ ಇದ್ಯಾವುದೂ ನಾಟುವುದಿಲ್ಲ. ಕೊಬ್ಬರಿ ಎಣ್ಣೆ ಹಾಕಿ ಅನ್ನುವವರಿದ್ದಾರೆ. ಧಾರವಾಡದ ಡಿಸೆಂಬರ್ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ, ಫ್ಯಾನಿನಲ್ಲಿ ಇನ್ನೇನಾದೀತು? ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಹಾಕಿದರೆ ಸದ್ದು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಹೊಸ ಫ್ಯಾನ್ ಹಾಕುವುದೇ ಸರಿ. ಹಳೆಯ ಫ್ಯಾನಿನ ಸ್ಟಿಕರ್ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದುಕೊಂಡು ಅದನ್ನೇ ಕೇಳಿ. ಬರೀ ಲ್ಯಾಪ್‌ಟಾಪಿನ ಹೆಸರು ಹೇಳಿದರೆ ಪಿನ್ ಹೊಂದದ ಫ್ಯಾನ್ ಬರುತ್ತದೆ.

ಇಷ್ಟೆಲ್ಲ ಓದಿ ‘ನನ್ನ ಕೈಲಾಗದು’ ಎನಿಸಿದರೆ ತಪ್ಪೇನಿಲ್ಲ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಸುತ್ತ, ಧಾರವಾಡದ ಸುಭಾಸ ರಸ್ತೆಯ ಕಡೆ ನಾಲ್ಕು ಅಂಗಡಿ ವಿಚಾರಿಸಿ. ಪುಸ್ತಕದ ಆ ಸಾಲುಗಳನ್ನು ತೋರಿಸಿ, ಟಿಶ್ಯೂ ಪರೀಕ್ಷೆಯಲ್ಲಿ ಏನು ಕಂಡಿತು ಎಂದು ಹೇಳಿ, ‘ನನ್ನ ಮುಂದ ಬಿಚ್ರಿ’ ಅನ್ನಿ. ಬಿಚ್ಚದೆ ಬೋರ್ಡ್ ಹೋಗಿದೆ ಅಂದವರಿಗೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆಯಿರಿ.

ನಾನೀಗ ವರ್ಷಕ್ಕೊಮ್ಮೆ, ಹುಬ್ಬಳ್ಳಿಯಲ್ಲಿ ರಂಗಪಂಚಮಿಯ ಬಣ್ಣದಾಟ ಮುಗಿದ ಮೇಲಿನ ಭಾನುವಾರ ಬಿಚ್ಚುತ್ತೇನೆ. ಬಣ್ಣದ ಪುಡಿಯೂ ಹೋಗುತ್ತದೆ, ಬಿರುಬೇಸಿಗೆಗೂ ಮುಂಚೆ ಆಗುತ್ತದೆ. ಈ ಸಲ ನಲವತ್ತು ನಿಮಿಷ ಸಾಕಾಯಿತು. ಪಟ್ಟಿಯಲ್ಲಿ ಸ್ವಲ್ಪ ಗುಲಾಬಿ ಬಣ್ಣ ಇತ್ತು.