ನಂಬರ್ ಉಜ್ಜಿದ ಇಂಜಿನ್: ಬ್ರಿಟನ್ನಿನಲ್ಲಿ ಹಳೇ ಬೈಕ್ ಸಾಮಾನು ಕೊಳ್ಳುವ ನಮ್ಮವರಿಗೆ

ಕಳೆದ ಮಳೆಗಾಲದಲ್ಲಿ ರಜೆಗೆ ಶಿವಮೊಗ್ಗಕ್ಕೆ ಬಂದಿದ್ದಾಗ ಅಪ್ಪನ ಹಳೆಯ ಯೆಜ್ಡಿಯನ್ನು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ತೆಗೆದುಕೊಂಡು ಹೋಗಿದ್ದೆ. ಮೆಕ್ಯಾನಿಕ್ ಒಂದು ಗೋಣಿಚೀಲದೊಳಗೆ ಕೈಹಾಕಿ ಕಾರ್ಬುರೇಟರ್ ಒಂದನ್ನು ತೆಗೆದು, ಪೆಟ್ರೋಲಿನಲ್ಲಿ ಅದ್ದಿ ಬ್ರಶ್ಶಿನಿಂದ ತೊಳೆದು, ಅಲ್ಲೇ ಕೂಡಿಸಿದರು. ಅದು ಯಾರ ಗಾಡಿಯದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೂವತ್ತು ವರ್ಷಗಳಿಂದ ನಮ್ಮ ಮನೆಯ ಗಾಡಿಗಳನ್ನು ನೋಡಿಕೊಂಡು ಬಂದವರು. ಅವರ ಮಾತಿಗಿಂತ ದೊಡ್ಡ ರಸೀದಿ ನಮಗೆ ಬೇಕಿರಲಿಲ್ಲ.

ಅದೇ ಸಂಜೆ ಇಂಗ್ಲೆಂಡಿನ ಕಾವೆಂಟ್ರಿಯಿಂದ ತಂಗಿಯ ಮಗ ಫೋನ್ ಮಾಡಿದ. "ಮಾವ, ನನ್ನ ಬೈಕಿಗೆ ಒಂದು ಇಂಜಿನ್ ಸಿಕ್ಕಿದೆ. ಅರ್ಧ ಬೆಲೆ. ನಂಬರ್ ಇರುವ ಜಾಗ ಮಾತ್ರ ಸ್ವಲ್ಪ ಉಜ್ಜಿದ ಹಾಗಿದೆ. ತೆಗೆದುಕೊಳ್ಳಲೇ?"

ಬೇಡ ಎಂದೆ. ಯಾಕೆ ಬೇಡ ಎಂಬುದನ್ನು ಅವನಿಗೆ ಹೇಳಿದ್ದಕ್ಕಿಂತ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ಬೈಕ್ ಓಡಿಸಿ ಬೆಳೆದವರಿಗೆ ಬ್ರಿಟನ್ನಿಗೆ ಹೋದ ಮೇಲೂ ಆ ಆಸೆ ಬಿಡುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ, ಹೊಸ ಸಾಮಾನಿನ ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ಹಾಗಾಗಿ ಹಳೇ ಸಾಮಾನಿಗೆ ಕೈಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಸಾಮಾನು ಚೆನ್ನಾಗಿದೆಯೇ ಎಂದು ನೋಡುವ ಮೊದಲು, ಅದು ಯಾವ ಗಾಡಿಯಿಂದ ಬಂತು, ಅದಕ್ಕೆ ಕಾಗದ ಏನಿದೆ ಎಂದು ಕೇಳಬೇಕು.

ಮೊದಲು ಅಲ್ಲಿನ ಕಾಗದಪತ್ರದ ಮಾತು. ನಮ್ಮ ಆರ್‌ಸಿಗೆ ಸಮನಾದದ್ದು ಅಲ್ಲಿ ವಿ5ಸಿ. ಸ್ವಾನ್ಸಿಯಲ್ಲಿರುವ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎ ಅದನ್ನು ಕೊಡುತ್ತದೆ. ಅದರಲ್ಲಿ ಚಾಸಿ ನಂಬರ್, ಇಂಜಿನ್ ನಂಬರ್, ಸಿಸಿ, ಬಣ್ಣ ಎಲ್ಲ ಇರುತ್ತವೆ. ಅದರಲ್ಲಿ ಹೆಸರಿರುವವರು ಗಾಡಿಯ ನೋಂದಾಯಿತ ಪಾಲಕರು ಮಾತ್ರ. ಅದು ಮಾಲೀಕತ್ವದ ಪುರಾವೆಯಲ್ಲ ಎಂದು ಆ ಕಾಗದದ ಮೇಲೇ ಅಚ್ಚಾಗಿದೆ. ಮಾಲೀಕತ್ವ ತೋರಿಸಲು ಖರೀದಿಯ ರಸೀದಿಯೇ ಬೇಕು. ಇದನ್ನು ನಮ್ಮವರು ಬೇಗ ನಂಬುವುದಿಲ್ಲ.

ಇಂಜಿನ್ ಬದಲಿಸಿದರೆ ಡಿವಿಎಲ್‌ಎಗೆ ತಿಳಿಸಲೇಬೇಕು. ವಿ5ಸಿಯಲ್ಲಿ ಹೊಸ ನಂಬರ್ ಬರೆದು, ಜೊತೆಗೆ ಆ ಇಂಜಿನ್ನಿನ ರಸೀದಿಯಂಥ ಪುರಾವೆ ಇಟ್ಟು ಅಂಚೆಯಲ್ಲಿ ಕಳಿಸಬೇಕು. ನಾನು ಬ್ರಿಟನ್ನಿಗೆ ಹೋದ ಹೊಸದರಲ್ಲಿ ಒಂದು ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್ ಜಾಗದಲ್ಲಿ ನಗದು ಕೊಟ್ಟು ಇಂಜಿನ್ ಕೊಂಡೆ. ರಸೀದಿ ಕೇಳಲು ಸಂಕೋಚ. ಮನುಷ್ಯ ಒಳ್ಳೆಯವನಂತೆ ಕಂಡ. ಎರಡು ವಾರದ ನಂತರ ವಿ5ಸಿ ತುಂಬಲು ಕುಳಿತಾಗ ಜೊತೆಗಿಡಲು ನನ್ನ ಬಳಿ ಏನೂ ಇರಲಿಲ್ಲ. ಅವನ ಫೋನ್ ಆಫ್. ಆ ಇಂಜಿನ್ ಕದ್ದದ್ದೋ ಅಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಕೊನೆಗೆ ಅದನ್ನು ಇಳಿಸಿ ಹಳೆಯದನ್ನೇ ರಿಪೇರಿ ಮಾಡಿಸಿದೆ. ಹೋದ ದುಡ್ಡಿಗಿಂತ, ಪೊಲೀಸ್ ಗಾಡಿ ಹಿಂದೆ ಬಂದಾಗಲೆಲ್ಲ ಬೆನ್ನು ತಣ್ಣಗಾಗುತ್ತಿದ್ದುದು ಹೆಚ್ಚು ನೆನಪಿದೆ.

ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೀಗಿದೆ. (ಸ್ಕಾಟ್ಲೆಂಡ್‌ನ ಕಳವಿನ ಕಾನೂನು ಬೇರೆ.) 1979ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ತನ್ನದಲ್ಲದ ವಸ್ತುವನ್ನು ಮಾರುವವನಿಂದ ಕೊಂಡವನಿಗೆ ಸಾಮಾನ್ಯವಾಗಿ ಒಡೆತನ ಬರುವುದಿಲ್ಲ. ಹಿಂದೆ ಬಹಿರಂಗ ಸಂತೆಯಲ್ಲಿ ಹಗಲು ಹೊತ್ತು ಒಳ್ಳೆಯ ನಂಬಿಕೆಯಿಂದ ಕೊಂಡವನಿಗೆ ಒಂದು ರಕ್ಷಣೆಯಿತ್ತು. 1995ರ ಜನವರಿಯಲ್ಲಿ ಅದೂ ಹೋಯಿತು. ನೀವು ಎಷ್ಟೇ ಪ್ರಾಮಾಣಿಕರಾಗಿರಿ, ಕದ್ದ ಇಂಜಿನ್ ಎಂದು ಗೊತ್ತಾದರೆ ಪೊಲೀಸರು ಅದನ್ನು ಒಯ್ಯಬಹುದು. ಆಗ ಮಾರಿದವನ ಮೇಲೆ ದಾವೆ ಹೂಡುವ ಹಕ್ಕು ನಿಮಗಿದೆ. ಆದರೆ ಹೆಸರು, ವಿಳಾಸ ಇಲ್ಲದವನ ಮೇಲೆ ಯಾವ ದಾವೆ?

ಅಪರಾಧದ ಕಥೆ ಬೇರೆ. 1968ರ ಕಳವು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಕದ್ದದ್ದು ಎಂದು ತಿಳಿದೋ ನಂಬಿಯೋ ಅಪ್ರಾಮಾಣಿಕವಾಗಿ ಕೊಂಡರೆ ಗರಿಷ್ಠ 14 ವರ್ಷ ಜೈಲು. ತಿಳಿಯದೆ ಕೊಂಡವನು ಅಪರಾಧಿಯಲ್ಲ. ಆದರೆ ಅರ್ಧ ಬೆಲೆ, ಉಜ್ಜಿದ ನಂಬರ್, ರಸೀದಿಯಿಲ್ಲದ ನಗದು, ಈ ಮೂರೂ ಸೇರಿದರೆ "ನನಗೆ ಗೊತ್ತಿರಲಿಲ್ಲ" ಎಂಬ ಮಾತಿಗೆ ತೂಕ ಉಳಿಯುವುದಿಲ್ಲ. ವೀಸಾದ ಮೇಲಿರುವವರು ಇನ್ನೊಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ವೀಸಾ ಅರ್ಜಿಗಳಲ್ಲಿ ಅಪರಾಧದ ದಾಖಲೆ ಕೇಳುತ್ತಾರೆ, ಮತ್ತು 12 ತಿಂಗಳು ಅಥವಾ ಹೆಚ್ಚಿನ ಶಿಕ್ಷೆಯಾದ ವಿದೇಶಿಯರನ್ನು ಗಡೀಪಾರು ಮಾಡುವ ನಿಯಮ 2007ರ ಕಾಯ್ದೆಯಲ್ಲಿದೆ. ಅಡಿಕೆ ತೋಟದ ಮೇಲೆ ಸಾಲ ತೆಗೆದು ಮಕ್ಕಳನ್ನು ಕಳಿಸಿದ ಮನೆಗಳು ನಮ್ಮ ಕಡೆ ಎಷ್ಟಿವೆ ಎಂದು ನಿಮಗೇ ಗೊತ್ತು. ಒಂದು ಇಂಜಿನ್ನಿಗಾಗಿ ಅದೆಲ್ಲವನ್ನೂ ಪಣಕ್ಕಿಡಬೇಡಿ.

ಇನ್ನು ನಂಬರ್ ನೋಡುವ ಬಗೆ. ಚಾಸಿ ನಂಬರ್ ಸಾಮಾನ್ಯವಾಗಿ ಹ್ಯಾಂಡಲ್ ಕೂರುವ ಕೊಳವೆಯ ಪಕ್ಕದಲ್ಲಿ ಚೌಕಟ್ಟಿಗೇ ಕುಟ್ಟಿರುತ್ತದೆ. ಈಗಿನ ಬೈಕುಗಳಲ್ಲಿ ಅದು 17 ಅಕ್ಷರ ಮತ್ತು ಅಂಕಿಗಳದ್ದು. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಬರುವುದೇ ಇಲ್ಲ. ಬಂದಿದ್ದರೆ ಯಾರೋ ಕೈಯಾರೆ ಕುಟ್ಟಿದ್ದಾರೆಂದೇ ಅನುಮಾನಿಸಿ. ಇಂಜಿನ್ ನಂಬರ್ ಇಂಜಿನ್ನಿನ ಕೆಳಭಾಗದ ಕವಚವಾದ ಕ್ರ್ಯಾಂಕ್‌ಕೇಸ್ ಮೇಲೆ ಇರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಕಾರ್ಖಾನೆಯಲ್ಲಿ ಕುಟ್ಟಿದ ಅಂಕಿಗಳು ಒಂದೇ ಆಳ, ಒಂದೇ ಅಂತರದಲ್ಲಿರುತ್ತವೆ. ಮತ್ತೆ ಕುಟ್ಟಿದ್ದಾದರೆ ಒಂದು ಅಂಕಿ ಆಳ, ಇನ್ನೊಂದು ಮೇಲಕ್ಕೆ. ಸುತ್ತಲಿನ ಅಲ್ಯೂಮಿನಿಯಂ ತರಿತರಿಯಾಗಿದ್ದು ಅಷ್ಟು ಜಾಗ ಮಾತ್ರ ನುಣ್ಣಗೆ ಹೊಳೆಯುತ್ತದೆ. ಬೆರಳ ಉಗುರು ಆಡಿಸಿದರೆ ತಗ್ಗು ಸಿಗುತ್ತದೆ. ಚೌಕಟ್ಟಿನಲ್ಲಿ ಆ ಒಂದು ಕಡೆ ಮಾತ್ರ ಬಣ್ಣ ದಪ್ಪಗಿದ್ದರೂ ಅದೇ ಮಾತು. ಕಂಪನಿಯಿಂದ ಬದಲಿಯಾಗಿ ಬರುವ ಹೊಸ ಕ್ರ್ಯಾಂಕ್‌ಕೇಸ್ ಮೇಲೆ ನಂಬರ್ ಇಲ್ಲದಿರುವುದೂ ಉಂಟು; ಆದರೆ ಅದಕ್ಕೆ ಬಿಲ್ ಇರುತ್ತದೆ.

ಫೋರ್ಕ್, ಚಕ್ರ, ಟ್ಯಾಂಕ್, ಸೀಟು ಇವುಗಳ ನಂಬರ್ ವಿ5ಸಿಯಲ್ಲಿ ಇರುವುದಿಲ್ಲ. ಹಾಗೆಂದು ಅವು ಗುರುತಿಲ್ಲದವು ಎಂದುಕೊಳ್ಳಬೇಡಿ. 2013ರಿಂದ ಅಲ್ಲಿನ ಬೈಕ್ ತಯಾರಕರ ಸಂಘದ ಯೋಜನೆಯೊಂದರಲ್ಲಿ ಅನೇಕ ಹೊಸ ಬೈಕುಗಳ ಬಿಡಿಭಾಗಗಳಿಗೆ ಕಣ್ಣಿಗೆ ಕಾಣದ ಚುಕ್ಕಿಗಳನ್ನು, ಎಲೆಕ್ಟ್ರಾನಿಕ್ ಚಿಪ್‌ಗಳನ್ನು ಅಂಟಿಸಿ ಕೊಡುತ್ತಾರೆ. ನಂಬರ್ ಉಜ್ಜಿದವನಿಗೆ ಅವೆಲ್ಲ ಎಲ್ಲಿವೆ ಎಂದು ಗೊತ್ತಿರುವುದಿಲ್ಲ. ಕೀಲಿಯಿಲ್ಲದೆ ಇಸಿಯು (ಇಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಒಂದನ್ನೇ ಮಾರುವವರ ಬಗ್ಗೆಯೂ ಎಚ್ಚರ.

ವಿಮೆ ಕಂಪನಿಗಳು ಕೈಬಿಟ್ಟ ಗಾಡಿಗಳಿಗೆ 2017ರ ಅಕ್ಟೋಬರ್‌ನಿಂದ ಎ, ಬಿ, ಎಸ್, ಎನ್ ಎಂಬ ದರ್ಜೆಗಳಿವೆ. ಎ ದರ್ಜೆಯದು ಪೂರ್ತಿ ಜಜ್ಜಿಹಾಕಬೇಕಾದದ್ದು, ಒಂದು ನಟ್ಟನ್ನೂ ಮರುಬಳಸುವಂತಿಲ್ಲ. ಬಿ ದರ್ಜೆಯದರಿಂದ ಬಿಡಿಭಾಗ ತೆಗೆಯಬಹುದು, ಚೌಕಟ್ಟು ಮಾತ್ರ ಮತ್ತೆ ರಸ್ತೆಗೆ ಬರಕೂಡದು. ಎಸ್ ಮತ್ತು ಎನ್ ರಿಪೇರಿ ಮಾಡಿ ಓಡಿಸಬಹುದಾದವು. ಚೌಕಟ್ಟು ಅಗ್ಗಕ್ಕೆ ಸಿಕ್ಕಿದರೆ ದರ್ಜೆ ಯಾವುದೆಂದು ಕೇಳಿ.

ಕೊಳ್ಳುವಾಗ ಸಾಮಾನು ಬಂದ ಬೈಕಿನ ನೋಂದಣಿ ಸಂಖ್ಯೆ ಕೇಳಿ. ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ಎಂಒಟಿ ತಪಾಸಣೆಯ ಇತಿಹಾಸ ಸರ್ಕಾರದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಕಳವಾಗಿದೆಯೇ ಎಂದು ತಿಳಿಯಲು ಖಾಸಗಿ ವರದಿಗೆ ಕೆಲವು ಪೌಂಡ್ ಕೊಡಬೇಕು. ಪರವಾನಗಿ ಇರುವ ಬ್ರೇಕರ್ ಅಂಗಡಿಯಲ್ಲಿ ಕೊಳ್ಳಿ; ನಮ್ಮ ಗುಜರಿ ಅಂಗಡಿಯ ಅಲ್ಲಿನ ರೂಪ ಅದು. ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ರಸೀದಿಯಲ್ಲಿ ಮಾರಿದವರ ಹೆಸರು, ವಿಳಾಸ, ದಿನಾಂಕ, ಇಂಜಿನ್ ನಂಬರ್ ಇರಲಿ. ಬದಲಾವಣೆಯನ್ನು ವಿಮೆ ಕಂಪನಿಗೂ ತಿಳಿಸಿ.

ಊರಿನಿಂದ ಬುಲೆಟ್ ಇಂಜಿನ್ ತರಿಸಿಕೊಳ್ಳುವ ಯೋಚನೆ ಇರುವವರು ಇಲ್ಲಿನ ಕಾಗದವನ್ನೂ ಸರಿಮಾಡಿಕೊಳ್ಳಬೇಕು. ನಮ್ಮಲ್ಲಿ ಆ ನಂಬರ್ ಯಾವುದೋ ಆರ್‌ಸಿಗೆ ಸೇರಿರುತ್ತದೆ. ಗಾಡಿ ಗುಜರಿಗೆ ಹೋಗಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ನೋಂದಣಿ ರದ್ದಾಗಿರಬೇಕು. ಆ ಪತ್ರದ ಪ್ರತಿ ಮತ್ತು ಬಿಲ್ ಎರಡನ್ನೂ ಕೇಳಿ ಪಡೆಯಿರಿ.

ತಂಗಿಯ ಮಗ ಆ ಮಾರಾಟಗಾರನಿಗೆ ನೋಂದಣಿ ಸಂಖ್ಯೆ ಕೇಳಿ ಸಂದೇಶ ಕಳಿಸಿದ. ಉತ್ತರ ಬರಲಿಲ್ಲ, ಮರುದಿನ ಆ ಜಾಹೀರಾತೇ ಇರಲಿಲ್ಲ. ಒಂದು ತಿಂಗಳ ನಂತರ ಬ್ರೇಕರ್ ಒಬ್ಬರಲ್ಲಿ ಬೇರೆ ಇಂಜಿನ್ ಕೊಂಡ. ಶಿವಮೊಗ್ಗದ ಆರ್‌ಟಿಒದಲ್ಲಿ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದನ್ನು ಚಿಕ್ಕಂದಿನಲ್ಲಿ ಅವನಿಗೆ ತೋರಿಸಿದ್ದೆ. ಹಾಗೆಯೇ ಅಚ್ಚು ತೆಗೆದು ರಸೀದಿಯ ಜೊತೆ ಫೋಟೋ ಕಳಿಸಿದ. ತಾಳೆ ನೋಡಿದೆ. ಅಚ್ಚಿನಲ್ಲಿ 8 ಇದ್ದ ಕಡೆ ರಸೀದಿಯಲ್ಲಿ ಇಂಗ್ಲಿಷಿನ ಬಿ ಅಕ್ಷರ ಬಿದ್ದಿತ್ತು. ವಿ5ಸಿ ಅಂಚೆಗೆ ಹಾಕುವ ಮೊದಲು ಅಂಗಡಿಗೆ ವಾಪಸ್ ಹೋಗಿ ಬೇರೆ ರಸೀದಿ ಬರೆಸಿಕೊಂಡು ಬಂದ.